ಬಾಗಿಲ ಬಳಿಯ ಪುಟ್ಟಬಸಮ್ಮ

ತಾಂಡವಪುರದಲ್ಲಿ ಯಾರನ್ನು ಕೇಳಿದರೂ ಪುಟ್ಟಬಸಮ್ಮನ ಗುಣಗಳನ್ನು ತಡವರಿಸದೆ ಹೇಳುತ್ತಿದ್ದರು. ಮದುವೆಮನೆಗೆ ಹೋದರೆ ನಡುಮನೆಯ ಜಮಖಾನದ ಮೇಲೆ ಕೂರುವವಳಲ್ಲ, ಹೊಸ್ತಿಲ ಪಕ್ಕದಲ್ಲೇ ಕುಳಿತು ಬಂದವರಿಗೆ ಕುಂಕುಮ ಹೂವು ಕೊಡುತ್ತಾಳೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಬಾಗಿಲ ಕಂಬಿ ಹಿಡಿದು ನಿಲ್ಲುತ್ತಾಳೆ. ನಂಜನಗೂಡಿನ ಗುಡಿಗೆ ಹೋದರೂ ಗರ್ಭಗುಡಿಯ ಮುಂದಿನ ನೂಕಾಟಕ್ಕೆ ಸೇರದೆ ಹೊರಗಿನಿಂದಲೇ ಕೈಮುಗಿದು ಬರುತ್ತಾಳೆ. ಸಿನಿಮಾ ಟೆಂಟಿನ ಮುಖ ಕಂಡವಳಲ್ಲ. ಇವುಗಳಲ್ಲಿ ಒಂದನ್ನು ಊರು ಸತ್ಕಾರವೆಂದು ಕರೆಯಿತು, ಒಂದನ್ನು ದಯೆಯೆಂದು, ಒಂದನ್ನು ವಿನಯವೆಂದು. ಅವೆಲ್ಲಕ್ಕೂ ಇದ್ದದ್ದು ಭಯ ಎಂಬ ಒಂದೇ ಹೆಸರು. ಅದು ಪುಟ್ಟಬಸಮ್ಮನಿಗೆ ಮಾತ್ರ ಗೊತ್ತಿತ್ತು.

ಮುಚ್ಚಿದ ಜಾಗವೆಂದರೆ ಅವಳಿಗೆ ಆಗುತ್ತಿರಲಿಲ್ಲ. ಬಾಗಿಲು ಹಾಕಿದ ಸದ್ದು ಕಿವಿಗೆ ಬಿದ್ದೊಡನೆ ಎದೆಯ ಮೇಲೆ ಯಾರೋ ಒರಳುಕಲ್ಲು ತಂದಿಟ್ಟಂತಾಗುತ್ತಿತ್ತು. ಗಂಟಲು ಒಣಗಿ, ಬೆರಳ ತುದಿಗಳು ತಣ್ಣಗಾಗಿ, ಇನ್ನೊಂದು ಗಳಿಗೆ ಇಲ್ಲಿದ್ದರೆ ಸತ್ತೇ ಹೋಗುತ್ತೇನೆಂದು ಖಚಿತವಾಗಿ ಅನಿಸುತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅವಳು ಬಚ್ಚಲುಮನೆಯ ಅಗುಳಿ ಹಾಕದೆ, ನೀರು ತುಂಬಿದ ಪಾತ್ರೆಯೊಂದನ್ನು ಬಾಗಿಲಿಗೆ ಆನಿಸಿಟ್ಟು ಸ್ನಾನ ಮಾಡುವುದನ್ನು ರೂಢಿಸಿಕೊಂಡಳು. ಮಾಗಿಯ ಚಳಿಯಲ್ಲೂ ಪಡಸಾಲೆಯ ಬಾಗಿಲನ್ನು ಓರೆ ಮಾಡಿ, ಅದರ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದಳು. ಯಾಕೆಂದು ಕೇಳಿದರೆ, "ಅಸ ಈಯಂಗದೆ, ಸದ್ದಾದ್ರೆ ಏಳ್ಬೇಕಲ್ಲ" ಎನ್ನುತ್ತಿದ್ದಳು. ವರ್ಷವೆಲ್ಲ ಈಯುತ್ತಲೇ ಇರುವ ಆ ಹಸು ಯಾವುದೆಂದು ಗಂಡ ಕಲ್ಲಯ್ಯ ಒಂದು ದಿನವೂ ಯೋಚಿಸಲಿಲ್ಲ.

ತೊಂಬತ್ತನಾಲ್ಕರಲ್ಲಿ ಊರಿಗೆ ಹೆಂಗಸರ ಹಾಲಿನ ಡೇರಿ ಬಂತು. ಏಳನೆಯ ತರಗತಿಯವರೆಗೆ ಓದಿದ್ದ ಪುಟ್ಟಬಸಮ್ಮನನ್ನೇ ಹಾಲು ಅಳೆಯಲು ಆರಿಸಿದರು. ಡೇರಿಗೆ ಸಿಕ್ಕ ಕೋಣೆಗೆ ಕಿಟಕಿಯಿರಲಿಲ್ಲ. ಮೊದಲ ದಿನವೇ ಅವಳು ಮೇಜನ್ನು ಜಗಲಿಗೆ ಎಳೆಸಿದಳು. "ಆಲು ಅಳೆಯೋದು ನಾಕು ಜನದ ಕಣ್ಮುಂದೆ ಇರ್ಬೇಕು" ಎಂದಳು. ಆ ಮಾತು ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷೆ ಅದನ್ನೇ ಎರಡು ಸಲ ಎತ್ತಿ ಹೇಳಿದಳು. ಪುಟ್ಟಬಸಮ್ಮ ತಲೆ ತಗ್ಗಿಸಿ ಕುಳಿತಿದ್ದಳು. ಅದನ್ನೂ ವಿನಯವೆಂದರು.

ಸೋಸಲೆಯ ಆಚೆಗಿದ್ದ ಅವಳ ತವರಿನ ಅಂಗಳದಲ್ಲಿ ರಾಗಿಯ ಹಗೇವು ಇತ್ತು. ನೆಲದೊಳಗೆ ಗುಡಾಣದಂತೆ ತೋಡಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚುವ ಕಣಜ ಅದು. ತಳದ ರಾಗಿಯನ್ನು ತುಂಬಿಕೊಡಲು ಮೈ ಸಣ್ಣಗಿದ್ದ ಮಕ್ಕಳನ್ನೇ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಅವಳು ಒಂಬತ್ತು ವರ್ಷದವಳಿದ್ದಾಗ, ಒಳಗಿರುವಂತೆಯೇ ಮಳೆ ಬಂದು, ರಾಗಿ ನೆನೆಯುತ್ತದೆಂದು ಯಾರೋ ಚಪ್ಪಡಿ ಎಳೆದಿದ್ದರು. ಮಳೆ ನಿಲ್ಲುವ ತನಕ ಮಾತ್ರ. ಬಹಳ ಹೊತ್ತೇನಲ್ಲ. ಅದೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅದೇ ಹಗೇವಿಗೆ ಇಳಿದಿದ್ದ ಅವಳ ಅಕ್ಕಂದಿರು ಯಾರೂ ಹೀಗಾಗಲಿಲ್ಲ. ಅದನ್ನೂ ಅವಳೇ ಯೋಚಿಸಿ ನೋಡಿ, ಕಾರಣ ಹುಡುಕುವುದನ್ನು ಎಂದೋ ಬಿಟ್ಟಿದ್ದಳು. ಹೇಳಿಕೊಳ್ಳೋಣವೆಂದರೆ ಜ್ವರಕ್ಕೆ, ಉಬ್ಬಸಕ್ಕೆ ಇರುವಂತೆ ಇದಕ್ಕೊಂದು ಹೆಸರೂ ಅವಳ ಬಳಿ ಇರಲಿಲ್ಲ. ಐವತ್ತು ದಾಟಿದ ಹೆಂಗಸು ಬಾಗಿಲಿಗೆ ಹೆದರುತ್ತಾಳೆಂದರೆ ಜನ ನಗದೆ ಇರುತ್ತಾರೆಯೇ?

ಎರಡು ಸಾವಿರದ ಒಂದರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಡೇರಿಗೆ ಹೋಗುವಾಗ ಅವಳ ಎಡಗಾಲಿನ ಚಪ್ಪಲಿ ಕಳಚಿ ದಾರಿಯಲ್ಲೇ ಉಳಿಯಿತು. ಹಾಲಿನ ಕ್ಯಾನು ಹೊತ್ತು ಹಿಂದೆ ಬರುತ್ತಿದ್ದವಳು ಅದನ್ನು ತಂದುಕೊಟ್ಟಾಗಲೇ ಬರಿಗಾಲಲ್ಲಿ ಅಷ್ಟು ದೂರ ನಡೆದಿರುವುದು ಪುಟ್ಟಬಸಮ್ಮನಿಗೆ ತಿಳಿದದ್ದು. ಸಂಕ್ರಾಂತಿಯ ವೇಳೆಗೆ ಜೋಮು ಮೊಣಕಾಲಿಗೆ ಏರಿತ್ತು. ನಂಜನಗೂಡಿನ ಡಾಕ್ಟರು ಮಂಡಿ ತಟ್ಟಿ ನೋಡಿ ಮೈಸೂರಿಗೆ ಕಳಿಸಿದರು. ಮೈಸೂರಿನ ನರರೋಗದ ಡಾಕ್ಟರು ಕಾಗದದ ಮೇಲೆ ಬೆನ್ನುಮೂಳೆಯ ಚಿತ್ರ ಬರೆದು, ನಡುವೆ ಒಂದು ಸಣ್ಣ ಸೊನ್ನೆ ಸುತ್ತಿದರು.

"ಇಲ್ಲಿ ಏನೋ ಬೆಳೀತಾ ಇದೆ ಅನ್ಸುತ್ತಮ್ಮ. ನರಾನ ಒತ್ತುತಾ ಇದೆ. ಸ್ಕ್ಯಾನ್ ಮಾಡಿ ನೋಡದೆ ನಾನು ಕೈ ಹಾಕೋ ಹಾಗಿಲ್ಲ. ಇವತ್ತು ನಡ್ಕೊಂಡು ಬಂದಿದ್ದೀರಿ. ಬೇಗ ಆಪರೇಷನ್ ಆದ್ರೆ ನಡ್ಕೊಂಡೇ ಮನೆಗೆ ಹೋಗ್ತೀರಿ. ತಡ ಆದ್ರೆ ನಾನು ಆ ಮಾತು ಹೇಳಲಾರೆ."

ಸ್ಕ್ಯಾನ್ ಮಾಡುವ ಜಾಗ ಎರಡು ಬೀದಿಯಾಚೆ ಇತ್ತು. ಕಲ್ಲಯ್ಯ, ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಮಗ ಅಮೃತೇಶ್, ಇಬ್ಬರೂ ಜೊತೆಗಿದ್ದರು. ಬೆಂಚಿನ ಮೇಲೆ ಕುಳಿತಿದ್ದ ಪುಟ್ಟಬಸಮ್ಮನಿಗೆ ಅರೆ ತೆರೆದ ಬಾಗಿಲಿನಿಂದ ಆ ಯಂತ್ರ ಕಾಣಿಸಿತು. ಗೋಡೆಯಷ್ಟು ದಪ್ಪದ ಬಿಳಿಯ ಬಳೆಯಂಥದು, ಅದರ ನಡುವೆ ಒಂದು ಬಿಲ. ಬಿಲದಿಂದ ಯಾರದೋ ಎರಡು ಪಾದಗಳು ಹೊರಚಾಚಿದ್ದವು. ಉಳಿದ ಮನುಷ್ಯ ಪೂರ್ತಿ ಒಳಗಿದ್ದ.

ನಯನ ಎಂಬ ಹುಡುಗಿ ಬಿಳಿ ಕೋಟು ತೊಟ್ಟು ಬಂದಳು. ಲೋಹದ್ದು ಯಾವುದೂ ಮೈಮೇಲೆ ಇರುವಂತಿಲ್ಲ ಎಂದಳು. ಬಳೆ, ಓಲೆ, ಮೂಗುಬಟ್ಟು, ಕಾಲುಂಗುರ ಒಂದೊಂದಾಗಿ ಕಲ್ಲಯ್ಯನ ಟವೆಲಿನೊಳಗೆ ಬಿದ್ದವು. ತಾಳಿ ತೆಗೆಯುವಾಗ ಕಲ್ಲಯ್ಯ ಮುಖ ಅತ್ತ ತಿರುಗಿಸಿಕೊಂಡ. ಒಂದೊಂದು ಒಡವೆ ಇಳಿದಾಗಲೂ ಪುಟ್ಟಬಸಮ್ಮನಿಗೆ ಆ ಬಿಲ ಒಂದು ಗೇಣು ಹತ್ತಿರವಾದಂತೆ ಅನಿಸುತ್ತಿತ್ತು.

"ಕುತ್ತಿಗೇಲಿ ಅದೇನಮ್ಮ, ಬೆಳ್ಳೀದಾ? ಅದನ್ನೂ ತೆಗೀಬೇಕು."

ಅದು ಇಷ್ಟಲಿಂಗವನ್ನಿಟ್ಟ ಬೆಳ್ಳಿಯ ಕರಡಿಗೆ. ಮಗುವಾಗಿದ್ದಾಗ ಕಟ್ಟಿದ ಲಿಂಗ. ಪುಟ್ಟಬಸಮ್ಮನ ಕೈ ತಾನಾಗಿಯೇ ಹೋಗಿ ಅದನ್ನು ಮುಚ್ಚಿಕೊಂಡಿತು.

"ಇದ ತಗಿಯಕಿಲ್ಲ ಕಣವ್ವ."

ಹೊಳೆಯಲ್ಲಿ ಮುಳುಗುವವರಿಗೆ ಬೊಡ್ಡೆ ಸಿಕ್ಕಂತೆ ಆ ಮಾತು ಸಿಕ್ಕಿತ್ತು. ಮೊದಲೇ ಯೋಚಿಸಿ ಆಡಿದ್ದಲ್ಲ. ಆದರೆ ಆಡಿದ ಕ್ಷಣದಲ್ಲೇ ಅದರ ಬೆಲೆ ಅವಳಿಗೆ ಗೊತ್ತಾಯಿತು, ಏಕೆಂದರೆ ಕಲ್ಲಯ್ಯ ಎದ್ದು ನಿಂತಿದ್ದ.

"ತಗೀಬ್ಯಾಡ ಕಣಮ್ಮಿ. ಲಿಂಗ ಮೈಮ್ಯಾಲಿಂದ ಇಳೀತು ಅಂದ್ರೆ ಉಸ್ರು ಇಳಿದಂಗೆ."

"ಅಪ್ಪ, ಮುಕ್ಕಾಲು ಗಂಟೆ ಕಣಪ್ಪ. ನಾನೇ ಕೈಲಿ ಇಟ್ಕಂಡು ಕೂತಿರ್ತೀನಿ," ಎಂದ ಅಮೃತೇಶ್.

"ನಿನ್ನ ಲಿಂಗ ಎಲ್ಲೈತೆ ಯೋಳ್ಲಾ ಮೊದ್ಲು. ಗೂಟಕ್ಕೆ ನೇತಾಕಿ ಫ್ಯಾಕ್ಟ್ರಿಗೋಗೋ ನನ್ಮಗ, ಬಂದ್ಬುಟ್ಟ ನಿಮ್ಮವ್ವುಂಗೆ ಬುದ್ಧಿ ಯೋಳಕ್ಕೆ."

ವಾದ ಮುಗಿಯುವ ಹೊತ್ತಿಗೆ ಅವಳ ಸರದಿ ಕಳೆದಿತ್ತು. ಒಡವೆಗಳು ಮತ್ತೆ ಮೈಗೇರಿದವು. ಬಸ್ಸಿನಲ್ಲಿ ಕಲ್ಲಯ್ಯ ತಾನೇ ಜಗಳವಾಡಿ ಅವಳಿಗೆ ಸೀಟು ಹಿಡಿದುಕೊಟ್ಟ. ಪಕ್ಕದಲ್ಲಿ ನಿಂತು, ಆಗಾಗ ಬಗ್ಗಿ ಅವಳ ಮುಖ ನೋಡುತ್ತಿದ್ದ. ಕೂಡಿ ಬಾಳಿದ ಮೂವತ್ತನಾಲ್ಕು ವರ್ಷಗಳಲ್ಲಿ ಅವನು ಅವಳ ಮುಖವನ್ನು ಹಾಗೆ ನೋಡಿದ್ದಿಲ್ಲ. ಮನೆಯೊಳಗೇ ಇದ್ದ ದೊಡ್ಡದೊಂದನ್ನು ಈಗ ಕಂಡವನಂತೆ ನೋಡುತ್ತಿದ್ದ. ತಾಂಡವಪುರದಲ್ಲಿ ಇಳಿಯುವ ಮುಂಚೆ ಅರ್ಧ ಬಸ್ಸಿಗೆ ಕಥೆ ಗೊತ್ತಾಗಿತ್ತು. ವಾರ ಕಳೆಯುವಷ್ಟರಲ್ಲಿ ಡೇರಿಗೆ ಹಾಲು ತರುವವರು ಅವಳ ಮುಂದೆ ದನಿ ತಗ್ಗಿಸಿ ಮಾತಾಡತೊಡಗಿದರು.

ದಾರಿ ಹುಡುಕಿದವರು ಊರ ಅಯ್ನೋರು ಗಂಗಾಧರಸ್ವಾಮಿ. ಊರಿನ ಮದುವೆ, ದೀಕ್ಷೆ, ಮಣ್ಣು ಎಲ್ಲಕ್ಕೂ ನಿಲ್ಲುತ್ತಿದ್ದ ಮುದುಕರು. ತಾವಾಗಿಯೇ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು.

"ಲಿಂಗಕ್ಕೆ ಬೆಳ್ಳಿ ಬೇಕಿಲ್ಲ ಕಣಮ್ಮ, ಬೆಳ್ಳಿ ಬೇಕಾಗಿರೋದು ನಮಗೆ. ಕರಡಿಗೆ ಮನೇಲಿರಲಿ. ಲಿಂಗವ ಮಡಿಬಟ್ಟೇಲಿ ಸುತ್ತಿ ಅಂಗೈಲಿ ಹಿಡ್ಕೊಂಡು ಒಳಕ್ಕೋಗು. ಪೂಜೆಗೆ ಕೂತಂಗೇ ಅಂದ್ಕೊ."

ಅಮೃತೇಶ್ ಸ್ಕ್ಯಾನ್ ಮಾಡುವವರಿಗೆ ಫೋನು ಮಾಡಿ ಕೇಳಿದ. ಕಲ್ಲಾದರೆ ತೊಂದರೆಯಿಲ್ಲ ಎಂದರು. ಮನೆಯಲ್ಲಿ ಎಲ್ಲರ ಮುಖವೂ ಅರಳಿತು. ಪುಟ್ಟಬಸಮ್ಮ ಯಾವ ಮಾತಿನ ಹಿಂದೆ ಅಡಗಿ ಕುಳಿತಿದ್ದಳೋ ಅದನ್ನೇ ಅಯ್ನೋರು ಅಷ್ಟು ಅಕ್ಕರೆಯಿಂದ ಎತ್ತಿ ಪಕ್ಕಕ್ಕಿಟ್ಟಿದ್ದರು. ಅವಳೂ ನಕ್ಕಳು. ಲಿಂಗದಲ್ಲಿ ಅವಳಿಗೆ ಭಕ್ತಿ ಇರಲಿಲ್ಲವೆಂದಲ್ಲ. ಪೂಜೆ ಮಾಡದೆ ಒಂದು ಹನಿ ನೀರು ಮುಟ್ಟಿದವಳಲ್ಲ. ಈ ಸಲ ಅದು ತನ್ನನ್ನು ಕಾಯಬಹುದೆಂದೂ ಅವಳು ನಿಜವಾಗಿಯೇ ನಂಬಿದಳು.

ಫೆಬ್ರವರಿಯ ಒಂದು ಮಂಗಳವಾರ ಮತ್ತೆ ಮೈಸೂರಿಗೆ ಹೋದರು. ಈ ಸಲ ನಡೆಯುವಾಗ ಅವಳ ಒಂದು ಕೈ ಅಮೃತೇಶನ ಭುಜದ ಮೇಲಿತ್ತು. ನಯನ ಅವಳಿಗೆ ನೀಲಿ ಅಂಗಿ ತೊಡಿಸುತ್ತ ಕೇಳಿದಳು:

"ಅಮ್ಮ, ನಿಮಗೆ ಭಯ ಏನಾದ್ರೂ ಇದೆಯಾ? ಒಳಗೆ ಹೋದ್ರೆ ಕೆಲವರಿಗೆ ಉಸಿರು ಕಟ್ಟಿದ ಹಾಗೆ ಆಗುತ್ತೆ. ಇದ್ರೆ ಈಗಲೇ ಹೇಳ್ಬಿಡಿ. ಏನಾದ್ರೂ ಮಾಡಬಹುದು."

ಪುಟ್ಟಬಸಮ್ಮ ಬಾಯಿ ತೆರೆದಳು. ಐವತ್ತೆರಡು ವರ್ಷಗಳಲ್ಲಿ ಮೊದಲ ಸಲ ಒಬ್ಬರು ಅವಳನ್ನು ಆ ಪ್ರಶ್ನೆ ಕೇಳಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಕಲ್ಲಯ್ಯ ಗಟ್ಟಿಯಾಗಿ ನಕ್ಕ.

"ಲಿಂಗ ಕೈಲಿರೋವಾಗ ಅವಳ್ಗೆಂತ ಭಯ ಬುಡವ್ವ."

ತೆರೆದ ಬಾಯಿ ಮುಚ್ಚಿಕೊಂಡಿತು.

ಎಡ ಅಂಗೈಯಲ್ಲಿ ಬಟ್ಟೆಯ ಗಂಟು, ಬಲಗೈಯಲ್ಲಿ ತುರ್ತಿಗೆ ಅದುಮಬೇಕಾದ ರಬ್ಬರಿನ ಬುರುಡೆ. ಹಲಗೆ ಸರಿಯಿತು. ಸೂರು ಹೋಯಿತು, ದೀಪ ಹೋಯಿತು, ಮೂಗಿನಿಂದ ಒಂದು ಗೇಣು ಮೇಲೆ ಬಿಳಿಯದೊಂದು ಬಂದು ನಿಂತಿತು. ಕಣ್ಣು ಮುಚ್ಚಿ ಶಿವಶಿವಾ ಎಂದಳು. ತನ್ನ ಉಸಿರೇ ತಿರುಗಿ ಬಂದು ಮುಖಕ್ಕೆ ತಾಗಿತು. ಆಮೇಲೆ ತಗಡಿಗೆ ಸುತ್ತಿಗೆಯಿಂದ ಬಡಿದಂಥ ಸದ್ದು ಸುರುವಾಯಿತು. ಅಲ್ಲಾಡಬಾರದು ಎಂದು ನಯನ ಹೇಳಿದ್ದಳು. ಅಲ್ಲಾಡದಿರುವುದು ಹಾಗಿರಲಿ, ತಾನು ಯಾರು, ಎಲ್ಲಿದ್ದೇನೆ, ಯಾವುದು ಮೇಲು, ಯಾವುದು ಕೆಳಗು ಎಂಬುದೇ ಅವಳಿಗೆ ಉಳಿಯಲಿಲ್ಲ. ಬುರುಡೆಯನ್ನು ಎಷ್ಟು ಸಲ ಅದುಮಿದಳೋ. ಹಲಗೆ ಹೊರಬಂದಾಗ ಅಂಗಿ, ಹಾಸಿದ್ದ ಬಟ್ಟೆ ಎಲ್ಲ ಒದ್ದೆಯಾಗಿದ್ದವು. ಅವಳು ಒಳಗಿದ್ದದ್ದು ಒಟ್ಟು ಎರಡು ನಿಮಿಷ.

ನಯನ ಮುಖದಲ್ಲಿ ಏನನ್ನೂ ತೋರಿಸದೆ ತೆರೆ ಎಳೆದು, ಬೇರೆ ಬಟ್ಟೆ ಕೊಟ್ಟಳು.

"ಒರಗೆ ಯೋಳ್ಬ್ಯಾಡ ಕಣವ್ವ, ನಿನ್ನ ದಮ್ಮಯ್ಯ."

"ತುಂಬ ಜನಕ್ಕೆ ಹೀಗಾಗುತ್ತಮ್ಮ, ಇದರಲ್ಲಿ ನಾಚಿಕೆ ಏನಿದೆ? ಡಾಕ್ಟ್ರಿಗೆ ಒಂದು ಮಾತು ಹೇಳಿದ್ರೆ..."

"ಯಾರ್ಗೂ ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ."

ತಾಯಿಯ ವಯಸ್ಸಿನವಳು ಕಾಲಿಗೆ ಬಗ್ಗಿದಳೆಂದು ಹುಡುಗಿ ಹೆದರಿ ಸುಮ್ಮನಾದಳು. ಚೀಟಿಯ ಮೇಲೆ 'ರೋಗಿ ಸಹಕರಿಸಲಿಲ್ಲ' ಎಂದಷ್ಟೇ ಬರೆದಳು. ಅಮೃತೇಶ್ ಚೀಟಿ ಓದಿ ತಲೆ ಎತ್ತಿದ. ಕಲ್ಲಯ್ಯನೂ ನೋಡಿದ. ಬಸ್ಸಿನಲ್ಲಿ ಕಂಡಿದ್ದ ಆ ನೋಟ ಇನ್ನೂ ಅವನ ಕಣ್ಣಲ್ಲಿತ್ತು. ಅದು ಇನ್ನೇನು ಹೊರಟುಹೋಗುತ್ತದೆಂದು ಪುಟ್ಟಬಸಮ್ಮನಿಗೆ ಅನಿಸಿತು.

"ಲಿಂಗ ಕೈ ತಪ್ತು," ಎಂದಳು.

ತಪ್ಪಿರಲಿಲ್ಲ. ಆಗಲೂ ಅದು ಅವಳ ಎಡಮುಷ್ಟಿಯಲ್ಲೇ ಇತ್ತು. ಬಟ್ಟೆಯ ಮೇಲಿನಿಂದಲೇ ನಾಲ್ಕು ಉಗುರುಗಳ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಆ ಎರಡು ನಿಮಿಷ ಅವಳನ್ನು ಬಿಡದೆ ಜೊತೆಗಿದ್ದದ್ದು ಅದೊಂದೇ, ಅದರ ಮೇಲೆಯೇ ಅವಳು ಸುಳ್ಳು ಹೊರಿಸಿದ್ದಳು.

ಕೈ ತಪ್ಪಿ ಬಿದ್ದ ಲಿಂಗವನ್ನು ಮತ್ತೆ ಕಟ್ಟುವಂತಿಲ್ಲ, ಅದನ್ನು ಹೊಳೆಗೆ ಬಿಟ್ಟು ದೀಕ್ಷೆ ಕೊಟ್ಟು ಹೊಸದನ್ನು ಕಟ್ಟಬೇಕೆಂಬುದು ಊರಿನ ನಂಬಿಕೆ. ಗಂಗಾಧರಸ್ವಾಮಿಯವರು ಸುದ್ದಿ ಕೇಳಿ ಮನೆಗೆ ಬಂದರು. "ಜೀವ ಮೊದಲು ಕಲ್ಲಯ್ಯ," ಎಂದರು. "ನಾಳೇನೇ ಕರ್ಕೊಂಡೋಗಿ ಸ್ಕ್ಯಾನ್ ಮಾಡ್ಸು. ದೀಕ್ಷೆ ಆಮೇಲೂ ಆಯ್ತದೆ."

ಕಲ್ಲಯ್ಯ ಒಪ್ಪಲಿಲ್ಲ. "ಇಷ್ಟು ದಿನ ಕಾಪಾಡ್ಕಂಡು ಬಂದೋಳು ಈಗ ಬರೀ ಮೈಲಿ ಓಗೋದಾ ಅಯ್ನೋರೆ? ಶಿವರಾತ್ರಿ ಕಳೀಲಿ. ಒಸ ಲಿಂಗ ಕಟ್ಟಿ, ಆಮ್ಯಾಕೆ ಓಗಾದು."

"ಅಪ್ಪ, ಅವ್ವನ ಬಲಗಾಲೂ ಎಳೀತಾ ಅದೆ. ನಿನ್ನ ಕಣ್ಗೆ ಕಾಣಕಿಲ್ವಾ?" ಎಂದು ಅಮೃತೇಶ್ ಕೂಗಾಡಿ ಊಟ ಬಿಟ್ಟು ಎದ್ದುಹೋದ.

ಮೂವರೂ ಅವಳ ಮುಂದೆಯೇ ಮಾತಾಡಿದರು. ಒಂದೇ ಒಂದು ಮಾತು ಆಡಿದ್ದರೆ ಅವಳು ಆ ಜಗಳವನ್ನು ನಿಲ್ಲಿಸಬಹುದಿತ್ತು. ಆಡಲಿಲ್ಲ. ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಕಲ್ಲಯ್ಯ ನಂಜನಗೂಡಿಗೆ ಹೋಗಿ, ಅವಳು ಹಾಲುಗಲ್ಲದ ದಿನದಿಂದ ಕಟ್ಟಿಕೊಂಡಿದ್ದ ಲಿಂಗವನ್ನು ಕಪಿಲೆಯಲ್ಲಿ ಬಿಟ್ಟುಬಂದ. ಯಾವ ತಪ್ಪನ್ನೂ ಮಾಡದ ಅದು ನೀರು ಸೇರಿತು. ಅಂದು ಪುಟ್ಟಬಸಮ್ಮ ಒಲೆಯ ಮುಂದೆ ಕುಳಿತು ಅತ್ತಳು. ಅಷ್ಟು ನಿಷ್ಠೆಯವಳು ಅಳದೆ ಇರುತ್ತಾಳೆಯೇ ಎಂದು ಬಂದವರೆಲ್ಲ ಅಂದರು.

ಶಿವರಾತ್ರಿ ಕಳೆಯಿತು. ಹೊಸ ಲಿಂಗ ಬಂತು. ಯುಗಾದಿ ಕಳೆಯಲಿ ಎಂದಳು, ಜ್ವರ ಎಂದಳು, ಕಾಲು ಈಗ ಮೇಲು ಎಂದಳು. ಏಪ್ರಿಲ್ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಬಾಗಿಲ ಪಕ್ಕದ ಚಾಪೆಯಿಂದ ಏಳಲು ಹೋದರೆ, ಸೊಂಟದಿಂದ ಕೆಳಗೆ ಅವಳದೆನ್ನುವುದು ಏನೂ ಇರಲಿಲ್ಲ.

ಆ ದಿನ ಯಾರೂ ಯಾರನ್ನೂ ಕೇಳಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಮೈಸೂರಿಗೆ ಒಯ್ದರು. ಹೊಸ ಲಿಂಗದ ಕರಡಿಗೆಯನ್ನು ಅಮೃತೇಶ್ ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಕಲ್ಲಯ್ಯ ನೋಡುತ್ತ ನಿಂತಿದ್ದ, ತಡೆಯಲಿಲ್ಲ. ಡಾಕ್ಟರು ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟರು. ಕಣ್ಣು ಬಿಟ್ಟಾಗ ಸ್ಕ್ಯಾನ್ ಮುಗಿದಿತ್ತು. ಆ ಬಿಲವನ್ನು ಅವಳು ನಿದ್ದೆಯಲ್ಲೇ ದಾಟಿಬಂದಿದ್ದಳು. ಹೆದರುವವರಿಗೆ ಹೀಗೊಂದು ಉಪಾಯ ಉಂಟೆಂದು ಮೊದಲೇ ಯಾರೂ ಅವಳಿಗೆ ಹೇಳಿರಲಿಲ್ಲ, ಏಕೆಂದರೆ ಹೆದರಿಕೆಯಿದೆಯೆಂದು ಅವಳು ಯಾರಿಗೂ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ, ಗಡ್ಡೆ ಕೆಟ್ಟದ್ದಲ್ಲ, ಪೂರ್ತಿಯಾಗಿ ತೆಗೆದೆವು, ಆದರೆ ನರ ಬಹಳ ದಿನ ಒತ್ತಡದಲ್ಲಿತ್ತು ಎಂದು ಡಾಕ್ಟರು ಹೇಳಿದರು. ಎರಡು ತಿಂಗಳ ಹಿಂದೆ ಬಂದಿದ್ದರೆ ಎಂದು ಆರಂಭಿಸಿದ ಮಾತನ್ನು, ಅವಳ ಮುಖ ನೋಡಿ, ಅವರು ಪೂರ್ತಿ ಮಾಡಲಿಲ್ಲ.

ಅಲ್ಲಿಂದ ಮುಂದಿನ ಮೂರು ವರ್ಷ ಪುಟ್ಟಬಸಮ್ಮ ಪಡಸಾಲೆಯ ಬಾಗಿಲ ಬಳಿ, ಮಂಚದ ಮೇಲೆ ಕಳೆದಳು. ಡೇರಿಯ ಮೇಜಿನ ಹಿಂದೆ ಬೇರೆಯವಳು ಕುಳಿತಳು. ಕಾಲು ಹೋದರೂ ಕಥೆ ಬೆಳೆಯಿತು. ಮಠದಲ್ಲಿ ಬಸವ ಜಯಂತಿಯ ದಿನ ಅವಳನ್ನು ಕುರ್ಚಿಯ ಸಮೇತ ವೇದಿಕೆಗೆ ಎತ್ತಿಕೊಂಡುಹೋಗಿ ಶಾಲು ಹೊದಿಸಿದರು. ಹೊಸದಾಗಿ ಮದುವೆಯಾದವರನ್ನು ಕರೆತಂದು ಅವಳ ಸತ್ತ ಪಾದಗಳಿಗೆ ನಮಸ್ಕಾರ ಮಾಡಿಸುತ್ತಿದ್ದರು. ಕಲ್ಲಯ್ಯ ಪಕ್ಕದಲ್ಲಿ ಕುಳಿತು, 'ಇದ ತಗಿಯಕಿಲ್ಲ ಕಣವ್ವ ಅಂದ್ಬುಟ್ಲು ನೋಡಿ' ಎಂದು ಮೊದಲುಗೊಂಡು ಹೇಳುತ್ತಿದ್ದ. ಅಮೃತೇಶನ ಜೇಬಿನ ಸಂಗತಿ ಮಾತ್ರ ಅವನ ಕಥೆಯಲ್ಲಿ ಬರುತ್ತಿರಲಿಲ್ಲ. ಹೆಂಡತಿಗಾಗಿ ಅವನು ಉಳಿಸಿಕೊಂಡಿದ್ದು ಅದೊಂದೇ ಕಥೆ. ಅದನ್ನೂ ಕಿತ್ತುಕೊಳ್ಳುವ ಮನಸ್ಸು ಅವಳಿಗೆ ಬರಲಿಲ್ಲ.

ಎರಡು ಸಾವಿರದ ಐದರ ಆಷಾಢದಲ್ಲಿ ಅವಳ ತಮ್ಮನ ಮಗಳು ಚಿನ್ನಮ್ಮ ಗಂಡನ ಜೊತೆ ಟಿ. ನರಸೀಪುರದಿಂದ ಬಂದಳು. ಇಪ್ಪತ್ತೆಂಟರ ಹುಡುಗಿ. ಆರು ತಿಂಗಳಿಂದ ತಲೆನೋವು, ಈಗ ಎಡಗಣ್ಣು ಮಂಜು. ಗಂಡ ಮದನ್ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ. ಕಾಫಿಯ ಲೋಟ ಕೆಳಗಿಡುವ ಮೊದಲೇ ಅವನು ಮಾತೆತ್ತಿದ.

"ಅಮ್ಮ, ನೀವೇ ಇವಳ್ಗೊಂದು ಮಾತು ಯೋಳಿ. ನಾ ಯೋಳಿ ಯೋಳಿ ಸಾಕಾದೆ. ತಲೆ ಸ್ಕ್ಯಾನು ಆಗ್ಲೇಬೇಕು, ಇಲ್ದಿದ್ರೆ ಎರಡು ಕಣ್ಣೂ ಓಯ್ತವೆ ಅಂತಾವ್ರೆ ಡಾಕ್ಟ್ರು. ಇವಳು ನೋಡಿದ್ರೆ, ನಮ್ಮತ್ತೆ ಲಿಂಗ ತಗೀನಿಲ್ಲ, ನಾನೂ ತಗಿಯಕಿಲ್ಲ ಅಂತ ಕೂತವ್ಳೆ."

ಕಲ್ಲಯ್ಯ ಮೀಸೆಯಲ್ಲೇ ನಕ್ಕ. "ನಮ್ಮೋಳ ತವರಿನ ರಕ್ತ ಕಣಪ್ಪ ಅದು. ನಿಮ್ಮ ಗೊಬ್ರದ ಮೂಟೆ ಅಲ್ಲ, ಎತ್ತಿ ಇಟ್ಟಂಗೆ ಇರಾಕೆ."

"ಬಟ್ಟೇಲಿ ಸುತ್ಕಂಡು ಓಗು ಮಗ," ಎಂದಳು ಪುಟ್ಟಬಸಮ್ಮ. "ಅಯ್ನೋರೇ ಒಪ್ಪವ್ರೆ."

"ನಿಮ್ಮ ಕೈಯಾಗೇ ನಿಲ್ನಿಲ್ಲ ಅತ್ತೆ, ಇನ್ನ ನನ್ನ ಕೈಯಾಗೆ ನಿಂತಾತಾ? ಒಳಗೆ ಬಿದ್ದೋದ್ರೆ ಏನ್ ಮಾಡ್ಲಿ?"

ಚಿನ್ನಮ್ಮ ಮಾತಾಡುವಾಗ ಮುಖವನ್ನು ಕೊಂಚ ಓರೆ ಮಾಡಿ, ಬಲಗಣ್ಣಿನಿಂದಲೇ ನೋಡುತ್ತಿದ್ದಳು. ಎಂದೋ ಆಡಿದ ಎರಡು ಸುಳ್ಳುಗಳು ಈ ಹುಡುಗಿಯ ದಾರಿಯಲ್ಲಿ ಎರಡು ಬಾಗಿಲುಗಳಂತೆ ಮುಚ್ಚಿ ನಿಂತಿರುವುದು ಪುಟ್ಟಬಸಮ್ಮನಿಗೆ ಕಂಡಿತು.

"ಲಿಂಗ ಕೈ ತಪ್ನಿಲ್ಲ ಕಣವ್ವ."

"ಏನಂದ್ರಿ?"

"ನನ್ನ ಮುಷ್ಟಿಯೊಳಗೇ ಇತ್ತು. ಬಿದ್ದೋಯ್ತು ಅಂತ ಸುಳ್ಳು ಯೋಳ್ದೆ. ಮೊದ್ಲ ಸಲ ತಗಿಯಕಿಲ್ಲ ಅಂದದ್ದೂ ಲಿಂಗುಕ್ಕಲ್ಲ. ಆ ಮಿಸೀನು ಕಂಡು ನಂಗೆ ಭಯ ಆಯ್ತು."

ಚಿನ್ನಮ್ಮ ಮುಗುಳ್ನಕ್ಕಳು, ಅವಳ ಕಣ್ಣಲ್ಲಿ ನೀರಿತ್ತು.

"ನನ್ನ ಕಳುಸ್ಬೇಕು ಅಂತ ಇಂಗಂತೀರ ಅತ್ತೆ. ನಂಗೊತ್ತಾಗಕಿಲ್ವಾ?"

"ಇವಳು ಯಾವತ್ತೂ ಇಂಗೇಯ," ಎಂದ ಕಲ್ಲಯ್ಯ ಮದನ್ ಕಡೆ ತಿರುಗಿ. "ತನ್ನ ದೊಡ್ಡದು ಮಾಡ್ಕಳಕಿಲ್ಲ. ಶಾಲು ಒದ್ಸಿದ ದಿನಾನೂ ತಲೆ ಎತ್ನಿಲ್ಲ."

ಅಡಗಿಸಿಟ್ಟಿದ್ದನ್ನು ಕೊನೆಗೂ ಹೊರಗೆ ಹಾಕಿದರೆ ಅದನ್ನೂ ಎತ್ತಿ ಅವಳ ಗುಣಗಳ ರಾಶಿಗೇ ಸೇರಿಸಿದ್ದರು. ಇನ್ನು ಉಳಿದದ್ದು ಒಂದೇ ಮಾತು. ನಯನ ಎಂಬ ಆ ಹುಡುಗಿಯ ಹೊರತು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ್ದು. ತಮ್ಮನ ಅಳಿಯ ಎದುರಿಗಿದ್ದ. ಗಂಡ ಪಕ್ಕದಲ್ಲಿದ್ದ.

"ಉಚ್ಚೆ ಉಯ್ಕಂಡೆ ಕಣೆ ಚಿನ್ನಮ್ಮ," ಎಂದಳು. "ಆ ಬಿಲದೊಳಗೆ, ಅವರ ಅಂಗಿ ತೊಟ್ಕಂಡು, ಚಿಕ್ಕ ಮಗಿನಂಗೆ. ಆ ಉಡುಗಿ ಬಟ್ಟೆ ಬದ್ಲಾಯಿಸ್ತು. ಯಾರ್ಗೂ ಯೋಳ್ಬ್ಯಾಡ ಅಂತ ಅದರ ಕಾಲಿಗೆ ಬೀಳಕ್ಕೋದೆ. ಇದ ಯಾವ ಎಂಗ್ಸು ಸುಳ್ಳು ಯೋಳಾಳು? ನಂಗೆ ಬಚ್ಚಲ ಬಾಗ್ಲು ಹಾಕಿದ್ರೂ ಭಯ. ಉಟ್ಟಿದಾಗ್ಲಿಂದ ಇಲ್ಲ, ಆದ್ರೆ ಬಾಳ ದಿನದಿಂದ. ಆ ಭಯಕ್ಕೇ ಕಾಲು ಕೊಟ್ಟೆ. ಲಿಂಗುಕ್ಕಲ್ಲ. ಲಿಂಗ ಏನೂ ಕೇಳ್ನಿಲ್ಲ ನನ್ನ."

ಮದನ್ ನೆಲ ನೋಡುತ್ತಿದ್ದ. ಕಲ್ಲಯ್ಯ ಎದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದು ಹೋದ. ಅವನು ತಿರುವು ದಾಟುವವರೆಗೂ ಪುಟ್ಟಬಸಮ್ಮ ನೋಡಿದಳು. ಆಮೇಲೆ ಚಿನ್ನಮ್ಮನ ಕೈ ಹಿಡಿದಳು.

"ನಿಂಗೂ ಒಳಗೆ ಓದಾಗ ಭಯ ಆದ್ರೆ ಬಾಯ್ಬುಟ್ಟು ಯೋಳು. ಇಂಜೆಕ್ಸನ್ ಕೊಟ್ಟು ಮಲಗುಸ್ತಾರೆ, ಏನೂ ಗೊತ್ತಾಗಕಿಲ್ಲ. ಯೋಳ್ದಿದ್ರೆ ಯಾರಿಗೂ ತಿಳಿಯಕಿಲ್ಲ."

ಚಿನ್ನಮ್ಮ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮುಂದಿನ ಸೋಮವಾರ ಸ್ಕ್ಯಾನ್ ಆಯಿತೆಂದು ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು. ಎಡಗಣ್ಣಿನ ಮಾತು ಹೇಳಲಾಗದು, ಬಲಗಣ್ಣು ಉಳಿಯುತ್ತದೆ ಎಂದಿದ್ದರಂತೆ.

ಮಾತು ಟಿ. ನರಸೀಪುರದಿಂದಲೇ ತಿರುಗಿ ಬಂತೋ, ಗೋಡೆಯಾಚೆಯವರೇ ಕೇಳಿಸಿಕೊಂಡಿದ್ದರೋ, ಶ್ರಾವಣದ ವೇಳೆಗೆ ಊರಿಗೆಲ್ಲ ಗೊತ್ತಾಗಿತ್ತು. ಯಾರೂ ಎದುರಿಗೆ ನಗಲಿಲ್ಲ. ನಮಸ್ಕಾರಕ್ಕೆ ಬರುವವರು ನಿಂತರು, ಅಷ್ಟೆ. ಡೇರಿಯ ಹೆಂಗಸರಲ್ಲಿ ಒಬ್ಬಳು ಮಾತ್ರ, "ಮೊದ್ಲೇ ಯೋಳಿದ್ರೆ ಏನಕ್ಕ ಆಯ್ತಿತ್ತು, ನಾವೇನು ತಿಂದಾಕಂತಿದ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಕಲ್ಲಯ್ಯ ಅವಳನ್ನು ಎಂದಿನಂತೆ ಎತ್ತಿ ಕೂರಿಸುತ್ತಿದ್ದ, ಮುದ್ದೆಯ ತಟ್ಟೆ ತಂದಿಡುತ್ತಿದ್ದ. ಮಾತು ಮಾತ್ರ ಇರಲಿಲ್ಲ. ಹದಿನೈದು ದಿನ ಹಾಗೇ ಕಳೆಯಿತು. ಒಂದು ಮಧ್ಯಾಹ್ನ ಅವನು ಹೊಲದಿಂದ ಬಂದು, ಕೈಕಾಲು ತೊಳೆದು, ಮಂಚದ ತುದಿಯಲ್ಲಿ ಕುಳಿತ.

"ಭಯ ಐತಾ ಅಂತ ಆವತ್ತು ಆ ಉಡುಗಿ ನಿನ್ನ ಕೇಳ್ತು. ನಾನು ಬಾಯಿ ಹಾಕ್ಬಾರ್ದಾಗಿತ್ತು."

ಅವಳು ಅವನ ಕಡೆಗೆ ಮುಖ ತಿರುಗಿಸಿದಳು.

"ನೀನಾದ್ರೂ ನಂಗೆ ಯೋಳ್ಬೋದಾಗಿತ್ತು ಬಸಮ್ಮಿ. ಶಿವರಾತ್ರಿ ಕಳೀಲಿ ಅಂತ ನಾ ಕುಣೀವಾಗ ಸುಮ್ನೆ ಕೂತಿದ್ಯಲ್ಲ."

"ಯೋಳ್ಬೋದಾಗಿತ್ತು," ಎಂದಳು ಪುಟ್ಟಬಸಮ್ಮ. "ಆ ಮೊದ್ಲ ದಿನ ಬಸ್ನಾಗೆ ಬರೋವಾಗ ನೀವು ನನ್ನ ಮಕ ನೋಡ್ತಿದ್ರಿ. ಅದಕ್ಕೆ ಮುಂಚೆ ನೀವು ಯಾವತ್ತೂ ಅಂಗೆ ನೋಡಿರ್ನಿಲ್ಲ."

ಕಲ್ಲಯ್ಯನ ಮುಖ ಸಣ್ಣಗಾಯಿತು. ಹೊರಗೆ ಯಾರೋ ಎತ್ತುಗಳನ್ನು ಗದರಿಸುತ್ತ ಹೋದರು. ಬಹಳ ಹೊತ್ತಿನ ಮೇಲೆ ಅವನು ಅವಳ ಎರಡು ಪಾದಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ಮೇಲಕ್ಕೆ ಮೆಲ್ಲಗೆ ಒತ್ತತೊಡಗಿದ. ಎಷ್ಟೋ ವರ್ಷ ಅವಳೇ ಅವನ ಕಾಲು ಒತ್ತಿದ್ದಳು, ಅವನು ಒತ್ತಿದ್ದು ಇದೇ ಮೊದಲು. ಬಗ್ಗಿದ ಅವನ ತಲೆಯ ನರೆಗೂದಲು ಕಾಣುತ್ತಿತ್ತು, ಹೆಬ್ಬೆರಳುಗಳು ಅವಳ ಚರ್ಮದಲ್ಲಿ ಇಳಿದು ಏಳುವುದು ಕಾಣುತ್ತಿತ್ತು.

"ಒತ್ತಿದ್ದು ಗೊತ್ತಾಯ್ತದಾ?" ಎಂದು ತಲೆ ಎತ್ತದೆ ಕೇಳಿದ.

ಹೂಂ ಎಂದುಬಿಡೋಣ ಅನಿಸಿತು ಅವಳಿಗೆ. ಹೂಂ ಅಂದರೆ ಅವನಿಗೆ ಎಷ್ಟು ಸಮಾಧಾನವಾಗುತ್ತದೆಂಬುದೂ ಗೊತ್ತಿತ್ತು.

"ಇಲ್ಲ ಕಣ್ರೀ," ಎಂದಳು. "ಏನೂ ಗೊತ್ತಾಗಕಿಲ್ಲ."

ಅವನ ಕೈ ನಿಂತಿತು.